ಜನವಿಲ್ಲದ ದ್ವೀಪ, ಇಪ್ಪತ್ತು ಮೀಟರ್ ನೀರು

ಈ ಸಭಾಂಗಣದ ನೆಲದಿಂದ ಆ ಫ್ಯಾನಿನವರೆಗೆ ಎಷ್ಟು ಎತ್ತರ ಇರಬಹುದು? ನಾಲ್ಕು ಮೀಟರ್ ಅಂತ ಇಟ್ಟುಕೊಳ್ಳೋಣ. ಇಂಥ ಐದು ಹಾಲ್ ಒಂದರ ಮೇಲೊಂದು ಪೇರಿಸಿದರೆ 20 ಮೀಟರ್. ಇಷ್ಟು ಉದ್ದದ ಕಬ್ಬಿಣದ ಗೋಡೆ ನೀರಿನೊಳಗೆ ಮುಳುಗಿದೆ, ಅದರ ಕೆಳಗೂ ಇನ್ನೊಂದೆರಡು ಮೀಟರ್ ನೀರಿದೆ ಅಂತ ಊಹಿಸಿಕೊಳ್ಳಿ. ಕಬ್ಬಿಣದ ಅದಿರು ತುಂಬಿದ ದೊಡ್ಡ ಹಡಗು ಅಂದರೆ ಅದು. ಮೇಲೆ ಕಾಣುವುದಕ್ಕಿಂತ ಒಳಗೆ ಮುಳುಗಿರುವುದೇ ಜಾಸ್ತಿ.

ಬೆಂಗಳೂರಿನಲ್ಲಿ ನಿಂತು ಬಂದರಿನ ಮಾತಾಡುವುದು ಸ್ವಲ್ಪ ತಮಾಷೆಯೇ. ಇಲ್ಲಿಂದ ಸಮುದ್ರ ನೋಡಬೇಕಾದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ನಾನು ಮಾತ್ರ ಮೂವತ್ತು ವರ್ಷ ಅದೇ ಅನ್ನ ತಿಂದವನು. ಹಡಗಿಗೆ ಎಷ್ಟು ಟನ್ ಸರಕು ತುಂಬಿದೆ ಅಂತ ಲೆಕ್ಕ ಹಾಕಿ ಸಹಿ ಹಾಕುವ ಕೆಲಸ. ಡ್ರಾಫ್ಟ್ ಸರ್ವೇಯರ್ ಅಂತ ಕರೆಯುತ್ತಾರೆ. ಬಹುಪಾಲು ಮಂಗಳೂರಿನ ಪಣಂಬೂರು ಬಂದರಿನಲ್ಲಿ. ಇವತ್ತು ಹೇಳಲು ಹೊರಟಿರುವ ದ್ವೀಪಕ್ಕೆ ನಾನು ಕಾಲಿಟ್ಟಿಲ್ಲ. ಅದಕ್ಕೆ ಕಾಲಿಟ್ಟವರೇ ಕಡಿಮೆ ಬಿಡಿ.

ಅದರ ಹೆಸರು ಗ್ವಾಯಿಬಾ. ಬ್ರೆಜಿಲ್ ನಕ್ಷೆಯಲ್ಲಿ ರಿಯೊ ಡಿ ಜನೈರೊ ನಗರ ಹುಡುಕಿ. ಅಲ್ಲಿಂದ ಕರಾವಳಿ ಹಿಡಿದು ಪಶ್ಚಿಮಕ್ಕೆ ಬಂದರೆ ಸೆಪೆಟಿಬಾ ಕೊಲ್ಲಿ. ಅದರ ಬಾಯಲ್ಲಿ ಒಂದು ಹಸಿರು ಚುಕ್ಕೆ. ಮಂಗರಾಟಿಬಾ ಅನ್ನುವ ಊರಿನ ಆಡಳಿತಕ್ಕೆ ಸೇರಿದ ಜಾಗ. ಹೆಸರು ಕೇಳಿದರೆ ನಮ್ಮ ಶಿರಸಿ ಕಡೆಯ ಊರಿದ್ದ ಹಾಗಿದೆ, ಅಲ್ವಾ? ನೋಡಲಿಕ್ಕೂ ಹಾಗೇ. ಕಾರವಾರದಲ್ಲಿ ಗುಡ್ಡ ಬಂದು ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂತಿದೆಯಲ್ಲ, ಅಲ್ಲೂ ಕಾಡು ತುಂಬಿದ ಗುಡ್ಡ ನೇರ ನೀರಿಗೆ ಇಳಿಯುತ್ತದೆ.

ಈ ದ್ವೀಪದಲ್ಲಿ ಊರಿಲ್ಲ. ಅಂಗಡಿ ಇಲ್ಲ, ಶಾಲೆ ಇಲ್ಲ. ಪಾಳಿಯವರು ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಆದರೆ ರೈಲಿದೆ! ದಡದಿಂದ ದ್ವೀಪಕ್ಕೆ ಸಮುದ್ರದ ಮೇಲೆ ಸೇತುವೆ ಕಟ್ಟಿ ಹಳಿ ಹಾಕಿದ್ದಾರೆ. ಆ ಹಳಿಯ ಮೇಲೆ ಬರುವುದು ಬರೀ ಅದಿರು. ಬೋಗಿಯನ್ನೇ ಹಿಡಿದು ಮಗುಚುವ ಯಂತ್ರ ಇರುತ್ತದೆ, ಟಿಪ್ಲರ್ ಅಂತ. ಅದು ಬೋಗಿಯನ್ನು ಬೋರಲು ಹಾಕುತ್ತದೆ. ಅದಿರು ರಾಶಿಯಾಗುತ್ತದೆ. ರಾಶಿಯಿಂದ ಬೆಲ್ಟಿನ ಮೇಲೆ ಹತ್ತಿ, ಹಡಗಿನ ಹೊಟ್ಟೆಗೆ ಬೀಳುತ್ತದೆ. ಕೈಯಲ್ಲಿ ಬುಟ್ಟಿ ಹಿಡಿದವರು, ತಲೆಗೆ ಟವೆಲ್ ಸುತ್ತಿದವರು ಯಾರೂ ಇಲ್ಲ.

ಇದು ಶುರುವಾದದ್ದು 1973ರಲ್ಲಿ. ಬ್ರೆಜಿಲಿನ ಒಳನಾಡಿನಲ್ಲಿ ಮಿನಾಸ್ ಜೆರಾಯ್ಸ್ ಅನ್ನುವ ರಾಜ್ಯವಿದೆ. ಹೆಸರಿನಲ್ಲೇ ಗಣಿ ಇದೆ, ಮಿನಾಸ್ ಅಂದರೆ ಗಣಿಗಳು ಅಂತ. ಆ ರಾಜ್ಯಕ್ಕೆ ಒಂದು ಗೇಣು ಸಮುದ್ರವೂ ಇಲ್ಲ. ಅದರ ರಾಜಧಾನಿ ಬೆಲೊ ಹೊರಿಜಾಂಚಿಯ ಪಕ್ಕದಲ್ಲೇ ಆಗ್ವಾಸ್ ಕ್ಲಾರಾಸ್ ಅನ್ನುವ ದೊಡ್ಡ ಗಣಿ ತೆರೆದರು. ತಿಳಿನೀರು ಅಂತ ಅರ್ಥ. ಗಣಿಗೆ ಇಡುವ ಹೆಸರು ನೋಡಿ! ಎಂಬಿಆರ್ ಅನ್ನುವ ಕಂಪನಿ ಆ ಗಣಿ, ಈ ಬಂದರು ಎರಡನ್ನೂ ಒಟ್ಟಿಗೇ ಶುರುಮಾಡಿತು. ನಡುವೆ 500 ಕಿ.ಮೀ.ಗೂ ಜಾಸ್ತಿ ರೈಲು ದಾರಿ. ಮುಂದೆ ಅದೆಲ್ಲ ವಾಲೆ ಕಂಪನಿಯ ಕೈಸೇರಿತು. 2000ದ ಆಚೆ ಆ ಗಣಿ ಬರಿದಾಯಿತು, ಗುಂಡಿಯಲ್ಲಿ ನೀರು ತುಂಬಿ ಈಗ ಕೆರೆಯಾಗಿದೆ. ಇಷ್ಟು ವರ್ಷದ ಮೇಲೆ ಹೆಸರಿಗೆ ತಕ್ಕ ಹಾಗೆ ನೀರು ಬಂತು. ಬಂದರು ಮಾತ್ರ ನಿಲ್ಲಲಿಲ್ಲ. ಬೇರೆ ಗಣಿಗಳ ಅದಿರು ಬರುತ್ತಲೇ ಇದೆ.

ಈಗ ನೀವು ಕೇಳಬೇಕು, ಅಷ್ಟು ದೂರ ರೈಲು ತಂದವರು ದಡದಲ್ಲೇ ಬಂದರು ಮಾಡಬಾರದಿತ್ತಾ? ದ್ವೀಪಕ್ಕೆ ಸೇತುವೆ ಕಟ್ಟುವ ಉಸಾಬರಿ ಯಾಕೆ?

ಇದಕ್ಕೆ ಉತ್ತರ ಬೆಲೆಯಲ್ಲಿದೆ. ಒಂದು ಟನ್ ಅದಿರಿನ ಬೆಲೆ ನೂರು ಡಾಲರ್ ಆಸುಪಾಸಿನಲ್ಲಿ ಏರುತ್ತಾ ಇಳಿಯುತ್ತಾ ಇರುತ್ತದೆ. ಕಿಲೋಗೆ ಎಂಟೋ ಒಂಬತ್ತೋ ರೂಪಾಯಿ. ನಿಮ್ಮ ಅಡುಗೆಮನೆಯ ಉಪ್ಪಿಗಿಂತ ಅಗ್ಗ. ಇಷ್ಟು ಅಗ್ಗದ ಮಾಲನ್ನು ಬ್ರೆಜಿಲಿನಿಂದ ಚೀನಾಕ್ಕೆ ಒಯ್ಯಬೇಕು. ಸುಮಾರು 20,000 ಕಿ.ಮೀ. ಹಡಗು ಒಂದೂವರೆ ತಿಂಗಳು ಓಡಬೇಕು. ಆಸ್ಟ್ರೇಲಿಯಾದವರಿಗೆ ಚೀನಾ ಎರಡು ವಾರದ ದಾರಿ. ಅವರ ಜೊತೆ ಪೈಪೋಟಿಗೆ ನಿಲ್ಲಬೇಕಾದರೆ ಬ್ರೆಜಿಲಿಗೆ ಒಂದೇ ದಾರಿ: ಒಂದು ಸಲಕ್ಕೆ ಆದಷ್ಟು ಜಾಸ್ತಿ ತುಂಬಿ ಕಳಿಸುವುದು. ಹಡಗು ದೊಡ್ಡದಾದಷ್ಟೂ ಟನ್ನಿನ ಸಾಗಾಟ ಖರ್ಚು ಇಳಿಯುತ್ತದೆ. ದೊಡ್ಡದಾದಷ್ಟೂ ಆಳವೂ ಬೇಕು.

ಗ್ವಾಯಿಬಾದಿಂದ ಹೊರಟ ಒಂದು ಹಡಗಿನ ಲೆಕ್ಕ ಕೊಡುತ್ತೇನೆ. ಅದರ ಕಥೆಗೆ ಆಮೇಲೆ ಬರುತ್ತೇನೆ. ಅದರಲ್ಲಿದ್ದದ್ದು 2,60,000 ಟನ್ ಅದಿರು. ನಮ್ಮ ಕಡೆಯ ಲಾರಿಗೆ 20 ಟನ್ ಅಂದರೂ 13,000 ಲಾರಿ. ಒಂದಕ್ಕೊಂದು ಮೂತಿ ತಾಗಿಸಿ ನಿಲ್ಲಿಸಿದರೆ ಗೊರಗುಂಟೆಪಾಳ್ಯದಿಂದ ಶುರುವಾದ ಸಾಲು ಶಿರಾದ ಹತ್ತಿರ ಮುಗಿಯುತ್ತದೆ. ಅಷ್ಟೂ ಒಂದೇ ಹಡಗಿನ ಹೊಟ್ಟೆಯೊಳಗೆ.

ದಡದ ಹತ್ತಿರ ಅಷ್ಟು ಆಳ ಎಲ್ಲಿ ಸಿಗುತ್ತದೆ? ನದಿ ಬಂದು ಸೇರುವ ಕಡೆ ಹೂಳು. ಮರಳಿನ ದಂಡೆ ಇದ್ದಲ್ಲಿ ಮೈಲಿಗಟ್ಟಲೆ ಮೊಣಕಾಲುದ್ದ ನೀರು. ಜನ ಊರು ಕಟ್ಟುವುದೂ ಇಂಥ ಕಡೆಯೇ. ಮೀನಿಗೆ, ದೋಣಿಗೆ, ಬೇಸಾಯಕ್ಕೆ ಅದೇ ಅನುಕೂಲ. ದೊಡ್ಡ ಹಡಗಿಗೆ ಬೇಕಾದದ್ದು ಇದರ ತದ್ವಿರುದ್ಧ. ಗುಡ್ಡದ ತುದಿ ನೀರಿನ ಮೇಲೆ ಇಣುಕಿ, ಅದರ ಬುಡ ಧಡಕ್ಕನೆ ಇಳಿದಿರಬೇಕು. ಅಂಥದ್ದು ಸಿಗುವುದು ಕೊಲ್ಲಿಯ ಬಾಯಿಯ ದ್ವೀಪಗಳಲ್ಲಿ. ಅಲ್ಲಿ ಜನ ಇರುವುದಿಲ್ಲ. ಇರಲು ಕಾರಣವೂ ಇಲ್ಲ.

ಚೀನಾದಲ್ಲೂ ಇದೇ ಕಥೆ, ತಿರುವುಮುರುವಾಗಿ. ಶಾಂಘೈನ ದೊಡ್ಡ ಉಕ್ಕಿನ ಕಾರ್ಖಾನೆ ಬಾವೊಸ್ಟೀಲ್ ಇರುವುದು ಯಾಂಗ್‌ಟ್ಸಿ ನದಿಯ ಬಾಯಲ್ಲಿ. ನದಿ ತಂದ ಹೂಳಿನಿಂದ ಅಲ್ಲಿ ಆಳ ಸಾಲದು. ಅದಕ್ಕೆ ಅವರು ಮಾಜಿಶಾನ್ ಅನ್ನುವ ದ್ವೀಪದಲ್ಲಿ ಬಂದರು ಮಾಡಿಕೊಂಡರು. 2002ರಿಂದ ನಡೆಯುತ್ತಿದೆ. ದೊಡ್ಡ ಹಡಗು ಅಲ್ಲಿ ಸುರಿದು ಹೋಗುತ್ತದೆ, ಸಣ್ಣ ಹಡಗು ಅಲ್ಲಿಂದ ನದಿಯೊಳಗೆ ಹೊರುತ್ತದೆ.

ಆಸ್ಟ್ರೇಲಿಯಾದ ಕೂಲನ್ ದ್ವೀಪದ ಬಗ್ಗೆ ಒಂದು ಮಾತು ಹೇಳದೆ ಹೋಗಲಾರೆ. ಅಲ್ಲಿ ದ್ವೀಪವೇ ಅದಿರು. ಬಂದರಿಗೆ ಅದಿರು ತರುವ ಪ್ರಶ್ನೆಯೇ ಇಲ್ಲ, ಕಾಲಡಿಯಲ್ಲೇ ಅಗೆದು ಹಡಗಿಗೆ ಹಾಕುವುದು. 1960ರ ದಶಕದಿಂದ 1993ರವರೆಗೆ ಅಗೆದರು. ಆಗ ಅಲ್ಲಿ ಊರೇ ಇತ್ತು. ಕೆಲಸದವರು ಬೇಜಾರು ಕಳೆಯಲು ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಜಾಗ ಸಾಲದೆ ವಿಮಾನದ ರನ್‌ವೇಯನ್ನೂ ಸೇರಿಸಿಕೊಂಡರು, ಒಂದು ಗುಳಿಗೆ 860 ಗಜ ದೂರ! ಗಣಿ ಮುಚ್ಚಿತು, ಊರು ಹೋಯಿತು. ಬೇರೆ ಕಂಪನಿ ಬಂದು ಮತ್ತೆ ತೆರೆಯಿತು. ಗುಂಡಿ ಸಮುದ್ರಮಟ್ಟಕ್ಕಿಂತ ಕೆಳಗೆ, ನಡುವೆ ಒಂದು ಗೋಡೆ. 2014ರಲ್ಲಿ ಗೋಡೆ ಕುಸಿದು ಸಮುದ್ರ ಒಳಗೆ ನುಗ್ಗಿತು. ಗೋಡೆ ಕಟ್ಟಿ, ನೀರು ಬಸಿದು, ಮತ್ತೆ ಅದಿರು ಕಳಿಸಿದ್ದು 2019ರಲ್ಲಿ.

ಇನ್ನು ನಮ್ಮ ಮನೆಯ ಕಥೆ. ಬಳ್ಳಾರಿ, ಸಂಡೂರಿನ ಗುಡ್ಡಗಳಿಗೂ ಮಿನಾಸ್ ಜೆರಾಯ್ಸಿನ ಗುಡ್ಡಗಳಿಗೂ ಒಂದು ನಂಟಿದೆ. ಎರಡೂ ಪಟ್ಟೆಪಟ್ಟೆ ಕಬ್ಬಿಣದ ಕಲ್ಲು. 200 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಪದರ ಪದರವಾಗಿ ಕೂತದ್ದು. ಅಂದರೆ ಸಂಡೂರಿನ ಗುಡ್ಡ ಒಂದು ಕಾಲಕ್ಕೆ ಸಮುದ್ರದ ತಳ. ಅದನ್ನು ಮತ್ತೆ ಸಮುದ್ರಕ್ಕೆ ಒಯ್ಯಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಬಳ್ಳಾರಿಯ ಅದಿರು ರೈಲಿನಲ್ಲಿ ಮಾರ್ಮಗೋವಾಕ್ಕೆ ಹೋಯಿತು, ಚೆನ್ನೈಗೆ ಹೋಯಿತು. ಲಾರಿಯಲ್ಲಿ ಅಂಕೋಲಾದ ಬೇಲೆಕೇರಿಗೆ ಹೋಯಿತು. ಬೇಲೆಕೇರಿ ಸಣ್ಣ ಬಂದರು. ದೊಡ್ಡ ಹಡಗು ದಡಕ್ಕೆ ಬರುವ ಹಾಗಿಲ್ಲ, ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಬಾರ್ಜ್ ಅನ್ನುವ ಚಪ್ಪಟೆ ತಳದ ದೋಣಿಯಲ್ಲಿ ಅದಿರು ತುಂಬಿ ಅಲ್ಲಿಗೆ ಒಯ್ಯಬೇಕು. ಆ ವರ್ಷಗಳಲ್ಲಿ ಅರಬೈಲು ಘಟ್ಟ ಇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಕೈ ಎತ್ತಿ. ನೋಡಿ, ಮೂರು ನಾಲ್ಕು ಜನ ಇದ್ದೀರಿ. ನಿಮಗೆ ನಾನು ಹೇಳಬೇಕಾಗಿಲ್ಲ. ರಸ್ತೆ ಬದಿಯ ಎಲೆ ಕೆಂಪು, ಮನೆಯ ಹಂಚಿನ ಮೇಲೆ ಇನ್ನೊಂದು ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಕೆಂಪು. 2010ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಅಲ್ಲಿ 8 ಲಕ್ಷ ಟನ್ ಅದಿರು ಜಪ್ತಿ ಮಾಡಿತು. ಆಮೇಲೆ ಅದರಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಯಿತು. ಜಪ್ತಿಯಾದ ಮಾಲು! ಅದೇ ಜೂನಿನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟದ್ದು, ಆಮೇಲೆ ಹಿಂದಕ್ಕೆ ಪಡೆದದ್ದು ನಿಮಗೆಲ್ಲ ನೆನಪಿದೆ.

ನನ್ನ ಪ್ರಕಾರ ಬೇಲೆಕೇರಿ ಸುದ್ದಿಯಾದದ್ದು ಅಲ್ಲಿ ಜನ ಇದ್ದದ್ದರಿಂದ. ಪಂಚೆ ಕೆಂಪಾದವರು ಬೈದರು, ಬೈದದ್ದು ಪೇಪರಿಗೆ ಬಂತು. ಗ್ವಾಯಿಬಾದಲ್ಲಿ ಪಂಚೆ ಒಣಹಾಕುವವರು ಯಾರು? ಎದುರು ದಡದಲ್ಲಿ ಊರುಗಳಿವೆ, ಕೊಲ್ಲಿಯಲ್ಲಿ ಮೀನುಗಾರರಿದ್ದಾರೆ, ದೂಳಿನ ಬಗ್ಗೆ ಅವರಿಗೆ ಹೇಳಲು ಏನೂ ಇಲ್ಲ ಅಂತಲ್ಲ. ಆದರೆ ರಾಶಿಯ ಪಕ್ಕದಲ್ಲೇ ನಿಂತು ನೋಡುವವರು ಸಂಬಳದವರು ಮಾತ್ರ.

ಪಣಂಬೂರಿನ ಕಥೆ ಬೇರೆ. ಅಲ್ಲಿಗೆ ಅದಿರು ಬಂದದ್ದು ಕೊಳವೆಯಲ್ಲಿ. ಕುದುರೆಮುಖದಲ್ಲಿ ಅದಿರನ್ನು ಹಿಟ್ಟಿನ ಹಾಗೆ ಅರೆದು, ನೀರಿಗೆ ಕಲಸಿ, ದೋಸೆ ಹಿಟ್ಟಿನ ಹದ ಮಾಡಿ 67 ಕಿ.ಮೀ. ಪೈಪಿನಲ್ಲಿ ಕೆಳಗೆ ಬಿಡುತ್ತಿದ್ದರು. ಲಾರಿ ಇಲ್ಲ, ದೂಳಿಲ್ಲ. ಕೆಲಸದ ಮಟ್ಟಿಗೆ ಎಷ್ಟು ಚೆಂದದ ಏರ್ಪಾಡು ಅನ್ನುವುದನ್ನು ಒಪ್ಪಲೇಬೇಕು. ಕಾಡಿನ ಮಾತು ಬೇರೆ, ಭದ್ರಾ ಹೊಳೆಯ ಮಾತು ಬೇರೆ. ಆ ಗಣಿ ಶುರುವಾದದ್ದೇ ಇರಾನಿಗಾಗಿ. 1970ರ ದಶಕದಲ್ಲಿ ಒಪ್ಪಂದ, ಸಾಲವೂ ಅವರದ್ದೇ. ಎಲ್ಲ ಕಟ್ಟಿ ಮುಗಿಯುವ ಹೊತ್ತಿಗೆ 1979ರಲ್ಲಿ ಅಲ್ಲಿ ಕ್ರಾಂತಿ! ಕೊಳ್ಳುವವನೇ ಇಲ್ಲ. ಆಮೇಲೆ ಬೇರೆ ದೇಶಗಳನ್ನು ಹುಡುಕಿಕೊಂಡರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಲಖ್ಯಾ ಅಣೆಕಟ್ಟಿನ ಹಿಂದೆ ಅದರ ಹೂಳು ಇವತ್ತಿಗೂ ಕೂತಿದೆ.

ಸರಿ, ನನ್ನ ಕೆಲಸಕ್ಕೆ ಬರುತ್ತೇನೆ. ಹಡಗನ್ನು ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಹಾಗಾದರೆ ತೂಕ ಹೇಗೆ? ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ ಅಂಕಿ ಬರೆದಿರುತ್ತಾರೆ. ಎರಡೂ ಪಕ್ಕ ಸೇರಿ ಆರು ಜಾಗ. ಒಂದೊಂದು ಅಂಕಿಯೂ 10 ಸೆಂಟಿಮೀಟರ್ ಎತ್ತರ. ಅಂಕಿಯ ಬುಡವೇ ಲೆಕ್ಕ. 8 ಅಂತ ಬರೆದದ್ದರ ಬುಡಕ್ಕೆ ನೀರು ತಾಗಿದರೆ 8, ತಲೆಗೆ ತಾಗಿದರೆ ಅದರ ಮೇಲೆ ಇನ್ನೂ 10 ಸೆಂಟಿಮೀಟರ್. ತುಂಬುವ ಮೊದಲು ಒಂದು ಸಲ, ತುಂಬಿದ ಮೇಲೆ ಒಂದು ಸಲ ಓದಬೇಕು. ಎಷ್ಟು ಮುಳುಗಿತೋ ಅಷ್ಟು ತೂಕ. ಖಾಲಿ ಹಡಗು ಹೊಯ್ದಾಡದಿರಲಿ ಅಂತ ತುಂಬಿಕೊಂಡು ಬಂದು ಇಲ್ಲಿ ಹೊರಹಾಕಿದ ಬ್ಯಾಲಸ್ಟ್ ನೀರು, ಉಳಿದಿರುವ ಎಣ್ಣೆ ಎಲ್ಲ ಕೂಡಿಸಿ ಕಳೆಯಬೇಕು. ಬಕೆಟ್ಟಿನಲ್ಲಿ ಬಂದರಿನ ನೀರು ಎತ್ತಿ ಅದರ ಸಾಂದ್ರತೆಯನ್ನೂ ಅಳೆಯಬೇಕು. ಮಳೆಗಾಲದಲ್ಲಿ ನೀರು ಸಪ್ಪೆಯಾದರೆ ಹಡಗು ಜಾಸ್ತಿ ಮುಳುಗುತ್ತದೆ.

ಕೇಳಲು ಸುಲಭ. ಧಕ್ಕೆಯ ಕಡೆಯದ್ದನ್ನು ನಿಂತು ಓದಬಹುದು. ಸಮುದ್ರದ ಕಡೆಯದ್ದಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ದೋಣಿ ಕುಣಿಯುತ್ತದೆ, ನೀರೂ ಏರಿಳಿಯುತ್ತದೆ. ಅಂಕಿ ಮುಳುಗುತ್ತದೆ, ಏಳುತ್ತದೆ, ಮುಳುಗುತ್ತದೆ. ಹತ್ತು ಹದಿನೈದು ಅಲೆ ನೋಡಿ ನಡುವಿನದ್ದನ್ನು ಹಿಡಿಯಬೇಕು. ಪಣಂಬೂರಿಗೆ ಬರುತ್ತಿದ್ದ 60–70 ಸಾವಿರ ಟನ್ನಿನ ಹಡಗಿಗೆ ಒಂದು ಸೆಂಟಿಮೀಟರ್ ಅಂದರೆ 65 ಟನ್ ಆಸುಪಾಸು. ನನ್ನ ಕಣ್ಣು ಒಂದು ಬೆರಳಿನಗಲ ತಪ್ಪಿದರೆ ಮೂರು ಲಾರಿ ಮಾಲು ಇಲ್ಲವೇ ಹುಟ್ಟುತ್ತದೆ, ಇಲ್ಲವೇ ಸಾಯುತ್ತದೆ. ಗ್ವಾಯಿಬಾಕ್ಕೆ ಬರುವ ಗಾತ್ರದ್ದಕ್ಕೆ ಸೆಂಟಿಮೀಟರಿಗೆ 160–170 ಟನ್. ಎಂಟು ಲಾರಿ.

ತೂಕಕ್ಕಿಂತ ನಿದ್ದೆಗೆಡಿಸುತ್ತಿದ್ದದ್ದು ನೀರು. ಅದಿರಿನ ಪುಡಿ, ಫೈನ್ಸ್ ಅಂತಾರಲ್ಲ, ಅದು ಒದ್ದೆಯಾದರೆ ನೋಡಲು ಗಟ್ಟಿಯಾಗೇ ಇರುತ್ತದೆ. ಹಡಗು ಅಲುಗಾಡಲು ಶುರುವಾದರೆ ಒಳಗಿನ ನೀರು ಮೇಲೆದ್ದು ಇಡೀ ರಾಶಿ ಕೆಸರಾಗುತ್ತದೆ. ಒಂದು ಪಕ್ಕಕ್ಕೆ ಹರಿಯುತ್ತದೆ, ವಾಪಸ್ ಬರುವುದಿಲ್ಲ. ಇದನ್ನು ನೋಡಲು ಒಂದು ಡಬ್ಬಿ ಪರೀಕ್ಷೆ ಇದೆ. ಬಣ್ಣದ ಡಬ್ಬಿಯಂಥದ್ದು. ಅರ್ಧ ಅದಿರು ತುಂಬಿ ಗಟ್ಟಿ ನೆಲದ ಮೇಲೆ ಗೇಣೆತ್ತರದಿಂದ 25 ಸಲ ಕುಕ್ಕುವುದು. ಮೇಲೆ ನೀರು ಮಿನುಗಿದರೆ ಲೋಡಿಂಗ್ ನಿಲ್ಲಿಸಿ ಲ್ಯಾಬಿಗೆ ಕಳಿಸಬೇಕು. ಇಷ್ಟೇ.

ಒಂದು ಜೂನ್ ತಿಂಗಳು. ರಾಶಿಯ ಮೇಲ್ಮೈ ಒಣಗಿತ್ತು. ಮಾಲಿನ ಕಡೆಯವನು ಬಂದು ‘ಸರ್, ನೋಡಿ, ದೂಳು ಹಾರ್ತಿದೆ, ಇದಕ್ಯಾಕೆ ಡಬ್ಬಿ’ ಅಂದ. ಚಪ್ಪಲಿಯಲ್ಲಿ ಒಂದು ಮೊಳ ಕೆದಕಿದೆ. ಒಳಗೆ ಬಣ್ಣವೇ ಬೇರೆ, ಕಾಫಿ ಚರಟದ ಹಾಗೆ ಕಪ್ಪಗೆ. ಅದನ್ನು ಡಬ್ಬಿಗೆ ಹಾಕಿ ಕುಕ್ಕಿದೆ. ಹದಿನೆಂಟನೆಯದ್ದಕ್ಕೋ ಹತ್ತೊಂಬತ್ತನೆಯದ್ದಕ್ಕೋ ಮೇಲೆ ಕನ್ನಡಿ ಇಟ್ಟ ಹಾಗೆ ಹೊಳೆಯಿತು. ಹಡಗಿನ ಕ್ಯಾಪ್ಟನ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ. ಒಂದು ಮಾತೂ ಆಡದೆ ಹೋಗಿ ಹಡಗಿನ ಹೊಟ್ಟೆಯ ಮುಚ್ಚಳ, ಹ್ಯಾಚ್, ಮುಚ್ಚಿಸಿದ. ಆ ಹಡಗು ಹನ್ನೊಂದು ದಿನ ಕಾದಿತು. ನನಗೆ ಆ ಕಡೆಯಿಂದ ಮತ್ತೆ ಕೆಲಸ ಬರಲಿಲ್ಲ.

2009ರ ಜುಲೈನಲ್ಲಿ ಮಂಗಳೂರಿನಿಂದ ಏಷ್ಯನ್ ಫಾರೆಸ್ಟ್ ಅನ್ನುವ ಹಡಗು ಚೀನಾಕ್ಕೆ ಹೊರಟಿತು. 13,000 ಟನ್ನಿಗೂ ಜಾಸ್ತಿ ಫೈನ್ಸ್. ಕರಾವಳಿ ಕಣ್ಣಿಗೆ ಮರೆಯಾಗುವುದರೊಳಗೆ ಅನ್ನುವ ಹಾಗೆ ವಾಲಿ ಮುಳುಗಿತು. 18 ಜನರನ್ನೂ ಕೋಸ್ಟ್ ಗಾರ್ಡ್ ಎತ್ತಿಕೊಂಡಿತು. ಎರಡು ತಿಂಗಳಿಗೆ ಪಾರಾದೀಪದ ಹೊರಗೆ ಬ್ಲ್ಯಾಕ್ ರೋಸ್ ಮುಳುಗಿತು. ಅದರಲ್ಲೂ ಅದಿರಿನ ಪುಡಿಯೇ. ಅಲ್ಲಿ ಒಬ್ಬರು ಹೋದರು.

ಆಗಲೇ ಹೇಳಿದ 13,000 ಲಾರಿಯ ಹಡಗಿಗೆ ಬರೋಣ. ಅದರ ಹೆಸರು ಸ್ಟೆಲ್ಲರ್ ಡೈಸಿ. 1993ರಲ್ಲಿ ಕಟ್ಟಿದಾಗ ಅದು ಕಚ್ಚಾ ತೈಲದ ಟ್ಯಾಂಕರ್. ಒಂದೇ ಪದರದ ಹೊಟ್ಟೆಯ ತೈಲ ಹಡಗುಗಳು ಒಡೆದು ಸಮುದ್ರ ಹಾಳಾದ ಮೇಲೆ ಅಂಥವನ್ನು ತೈಲಕ್ಕೆ ಬಳಸಬೇಡಿ ಅಂತ ಜಗತ್ತು ತೀರ್ಮಾನಿಸಿತು. ಅದೇ ಹೊತ್ತಿಗೆ ಚೀನಾಕ್ಕೆ ಅದಿರು ಎಷ್ಟು ಕೊಟ್ಟರೂ ಸಾಲದು. ಹಳೇ ಟ್ಯಾಂಕರ್ ಅಗ್ಗಕ್ಕೆ ಸಿಗುತ್ತದೆ. ಒಳಗೆ ಕತ್ತರಿಸಿ, ಬೆಸೆದು ಅದಿರಿನ ಹಡಗು ಮಾಡಿದರು. ಇದನ್ನು ಹಾಗೆ ಮಾಡಿ ಮುಗಿಸಿದ್ದು 2009ರಲ್ಲಿ. ತೈಲ ನೀರಿಗಿಂತ ಹಗುರ, ಹೊಟ್ಟೆಯ ತುಂಬ ಸಮನಾಗಿ ಹರಡಿಕೊಳ್ಳುತ್ತದೆ. ಅದಿರಿನ ಪುಡಿ ನೀರಿನ ಎರಡೂವರೆ ಪಟ್ಟು ಭಾರ, ಹಾಕಿದ ಕಡೆಯೇ ಕೂತು ಒತ್ತುತ್ತದೆ. ಎರಡು ಪಕ್ಕದ ಟ್ಯಾಂಕು ಖಾಲಿ, ನಡುವೆ ಮಾತ್ರ ಭಾರ.

2017ರ ಮಾರ್ಚ್ 26ಕ್ಕೆ ಗ್ವಾಯಿಬಾ ಬಿಟ್ಟಿತು. ಮಾರ್ಚ್ 31ರಂದು ದಕ್ಷಿಣ ಅಟ್ಲಾಂಟಿಕ್ ನಡುವೆ, ಎಡಪಕ್ಕದಿಂದ ನೀರು ಬರುತ್ತಿದೆ, ವಾಲುತ್ತಿದ್ದೇವೆ ಅಂತ ಕಂಪನಿಗೆ ಒಂದು ಮೆಸೇಜು ಬಂತು. ಆಮೇಲೆ ಏನೂ ಇಲ್ಲ. 24 ಜನರಿದ್ದರು. 8 ಕೊರಿಯಾದವರು, 16 ಫಿಲಿಪ್ಪೀನ್ಸಿನವರು. ತೆಪ್ಪದಲ್ಲಿ ಇಬ್ಬರು ಸಿಕ್ಕಿದರು. ಎಡಗಡೆಯ ಎರಡನೇ ಟ್ಯಾಂಕಿನ ಹತ್ತಿರ ಹಡಗಿನ ಕಟ್ಟೇ ಬಿಟ್ಟುಕೊಂಡಿತು ಅಂತ ಆಮೇಲೆ ತನಿಖೆಯ ವರದಿ ಹೇಳಿತು. ಕೆಸರಾದ ಅದಿರಿನಿಂದ ಆದದ್ದಲ್ಲ ಇದು. ಡಬ್ಬಿ ಕುಕ್ಕಿದ್ದರೆ ಇದು ತಿಳಿಯುತ್ತಿರಲಿಲ್ಲ.

ಹೆಚ್ಚುಕಡಿಮೆ ಎರಡು ವರ್ಷಕ್ಕೆ, 2019ರ ಫೆಬ್ರವರಿಯಲ್ಲಿ, 3,461 ಮೀಟರ್ ಆಳದಲ್ಲಿ ಹಡಗು ಸಿಕ್ಕಿತು. ಮೇಲಿನಿಂದ ಯಂತ್ರ ಇಳಿಸಿ ಹುಡುಕಿದರು. ಅದರ ಕಪ್ಪು ಪೆಟ್ಟಿಗೆ ಎತ್ತಿದರು, ಒಳಗಿನ ದಾಖಲೆ ಬಹುಪಾಲು ಹಾಳಾಗಿತ್ತು. ಅವಶೇಷದ ಹತ್ತಿರ ಮನುಷ್ಯರ ಮೂಳೆ, ಬಟ್ಟೆ ಕಂಡವು. ಅವನ್ನು ಎತ್ತಲಿಲ್ಲ. ಹುಡುಕುವ ಕಂಪನಿಯ ಕರಾರಿನಲ್ಲಿ ಅದು ಇರಲಿಲ್ಲವಂತೆ. ಮನೆಯವರು ಎರಡನೇ ಸಲ ಹೋಗಿ ಅಂತ ಸರ್ಕಾರದ ಬಾಗಿಲಿಗೆ ಅಲೆದರು.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ಹಡಗಿನವರು ಆ ದ್ವೀಪದಲ್ಲಿ ಇಳಿಯುತ್ತಾರಾ?’ ಇಳಿದು ಮಾಡುವುದೇನು ಹೇಳಿ. ಇಂಥ ಬಂದರುಗಳಲ್ಲಿ ಲೋಡಿಂಗ್ ಒಂದೆರಡು ದಿನದ ಕೆಲಸ. ಹಡಗಿನವರಿಗೆ ಬ್ಯಾಲಸ್ಟ್ ಪಂಪ್ ಕಾಯುವುದೇ ಆಗುತ್ತದೆ. ಎದುರಿಗೆ ಹಸಿರು ಗುಡ್ಡ, ಬೆಲ್ಟಿನ ಸದ್ದು. ಕೊನೆಗೆ ದೋಣಿಯಲ್ಲಿ ಯಾರೋ ಒಬ್ಬ ಸರ್ವೇಯರ್ ಬರುತ್ತಾನೆ. ಸ್ಟೆಲ್ಲರ್ ಡೈಸಿಗೂ ಬಂದಿರುತ್ತಾನೆ. ಹತ್ತು ಹದಿನೈದು ಅಲೆ ನೋಡಿ, ಅಂಕಿ ಬರೆದುಕೊಂಡು, ಮೇಲೆ ಹತ್ತಿ, ಚೀಫ್ ಆಫೀಸರ್ ಎದುರು ಕೂತು ಲೆಕ್ಕ ತಾಳೆ ನೋಡಿರುತ್ತಾನೆ. ಸಹಿ ಹಾಕಿದ ಮೇಲೆ ಒಂದು ಕಾಫಿ ಕೊಡುತ್ತಾರೆ. ಅದು ಎಲ್ಲ ಹಡಗಿನಲ್ಲೂ ಇರುವ ಪದ್ಧತಿ.